ಕೆಳಗೆ ಬರೆಯದೆ ಬಿಟ್ಟ ಸಾಲು

ಅಂತರರಾಷ್ಟ್ರೀಯ ಕಿರುಚಿತ್ರೋತ್ಸವ ಎಂದರೆ ಗಾಜಿನ ಬಾಗಿಲು, ತಂಪು ಗಾಳಿ, ಕೊರಳಿಗೊಂದು ಬ್ಯಾಡ್ಜು ಎಂದೆಲ್ಲ ನಾನು ಅಂದುಕೊಂಡಿದ್ದೆ. ಅದರ ಕಚೇರಿ ಇದ್ದದ್ದು ಹೈದರಾಬಾದಿನ ಕೋಠಿಯಲ್ಲಿ, ಪಠ್ಯಪುಸ್ತಕದ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ. ಕಬ್ಬಿಣದ ಮೆಟ್ಟಿಲು ಹತ್ತಬೇಕು. ಬಾಲಾನಗರದಿಂದ ಎರಡು ಬಸ್ಸು ಹಿಡಿದು ಅಲ್ಲಿಗೆ ಮುಟ್ಟುವಷ್ಟರಲ್ಲಿ ಸೀರೆಯ ನೆರಿಗೆಗಳು ತಮ್ಮ ಪಾಡಿಗೆ ತಾವು ಇರುತ್ತಿದ್ದವು, ನಾನು ನನ್ನ ಪಾಡಿಗೆ. ಮೊದಲ ಐದು ನಿಮಿಷ ಫ್ಯಾನಿನ ಕೆಳಗೆ ಸುಮ್ಮನೆ ಕೂರುತ್ತಿದ್ದೆ.

ಆ ವರ್ಷಗಳಲ್ಲಿ ಊರು ಪೂರ್ತಿ ಕಂಪ್ಯೂಟರಿನ ಮಾತಾಡುತ್ತಿತ್ತು. ನಮ್ಮ ಯಜಮಾನರು ಮಾತ್ರ ವಿಮಾನದ ಉಪಕರಣ ಮಾಡುವ ಸರಕಾರಿ ಕಾರ್ಖಾನೆಯಲ್ಲಿ ಮೊದಲಿನಂತೆಯೇ ಸೈರನ್ನಿಗೆ ಹೋಗಿ ಸೈರನ್ನಿಗೆ ಬರುತ್ತಿದ್ದರು. ಅವರ ಜೊತೆ ಕೆಲಸ ಮಾಡುವವರೊಬ್ಬರ ತಮ್ಮ, ತೆಲುಗಿನ ಹುಡುಗ, ಈ ಚಿತ್ರೋತ್ಸವದ ವ್ಯವಸ್ಥಾಪಕ. ಕನ್ನಡ ತಿಳಿಯುವ, ಇಂಗ್ಲಿಷ್ ಬರೆಯಬಲ್ಲ, ಮಧ್ಯಾಹ್ನ ಬಿಡುವಿರುವ ಒಬ್ಬರು ಬೇಕು ಎಂದು ಕೇಳಿದ್ದನಂತೆ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದವಳು ಮನೆಯಲ್ಲೇ ಇದ್ದಾಳೆ ಎಂದು ಇವರು ಹೇಳಿಬಂದರು. ಬಿಡುವಿನ ವಿಷಯವನ್ನು ನನ್ನನ್ನು ಕೇಳಲಿಲ್ಲ.

"ಸಿನಿಮಾ ಕೆಲಸ ಅಂದ್ರ ಏನವಾ ಮಾಡೋದು?" ಎಂದರು ಅತ್ತೆ.

"ಮಂದಿ ಮಾತಾಡಿದ್ದನ್ನ ಚಿತ್ರದ ಕೆಳಗ ಇಂಗ್ಲಿಷಿನ್ಯಾಗ ಬರಿಯೋದ್ರೀ ಅತ್ತಿ."

"ಅದಕ್ಕ ಕೋಠಿತನಕ ಹೋಗಬೇಕಾ? ನಾ ಮಾತಾಡೋದನ್ನ ಇಲ್ಲೇ ಕೂತು ಬರಕೋ. ದಿನಾ ಒಂದು ಸಿನಿಮಾ ಆಗತೈತಿ."

ಬೆಳಿಗ್ಗೆ ಪಲ್ಯ, ಚಪಾತಿ, ಅತ್ತೆಯವರ ಜೋಳದ ಗಂಜಿ, ಇಬ್ಬರು ಮಕ್ಕಳ ಡಬ್ಬಿ. ಆಮೇಲೆ ಬಸ್ಸು. ಮಕ್ಕಳು ಶಾಲೆಯಿಂದ ಬರುವುದರೊಳಗೆ ಮತ್ತೆ ಬಸ್ಸು. ನಡುವೆ ಸಿಕ್ಕಷ್ಟು ಹೊತ್ತು ನಾನು ಪ್ರಪಂಚ ನೋಡುತ್ತಿದ್ದೆ. ಸಬ್‌ಟೈಟಲ್ ಹೇಗಿರಬೇಕೆಂದು ತಿಳಿಯಲಿ ಎಂದು ಆ ಹುಡುಗ ಮೊದಲ ವಾರ ಬೇರೆ ಬೇರೆ ದೇಶದ ಚಿತ್ರಗಳನ್ನು ಹಾಕಿಕೊಟ್ಟ. ಒಂದರಲ್ಲಿ ಮುದುಕನೊಬ್ಬ ಹೆಪ್ಪುಗಟ್ಟಿದ ಕೆರೆಯಲ್ಲಿ ತೂತು ಕೊರೆದು ಕಾಯುತ್ತಾನೆ, ಮೀನು ಬರುವುದೇ ಇಲ್ಲ. ಒಂದರಲ್ಲಿ ಲಿಫ್ಟು ಕೆಟ್ಟು ಒಳಗೆ ಸಿಕ್ಕಿಬಿದ್ದ ಗಂಡಹೆಂಡಿರು ಎಷ್ಟೋ ವರ್ಷದ ನಂತರ ಮಾತಾಡುತ್ತಾರೆ. ಲಿಫ್ಟು ಸರಿಯಾದ ಕೂಡಲೇ ಸುಮ್ಮನಾಗುತ್ತಾರೆ. ಒಂದು ಚಿತ್ರದಲ್ಲಿ ಮನುಷ್ಯರೇ ಇಲ್ಲ, ಅಂಗಿಯ ಗುಂಡಿಗಳು ಓಡಾಡುತ್ತವೆ. ಇನ್ನೊಂದು ಎಷ್ಟು ಕತ್ತಲೆಯಾಗಿತ್ತೆಂದರೆ ಪರದೆಯ ಗಾಜಿನಲ್ಲಿ ನನಗೆ ಕಂಡದ್ದು ನನ್ನದೇ ಮುಖ. ಒಂದು ಮಾತ್ರ ಗಮನಿಸಿದೆ: ಯಾವ ದೇಶದ ಚಿತ್ರವಾದರೂ ಹಿಂದೆ ಎಲ್ಲೋ ಒಬ್ಬ ಹೆಂಗಸು ಏನನ್ನೋ ಒರೆಸುತ್ತಿರುತ್ತಿದ್ದಳು. ಕಥೆ ಅವಳದಾಗಿರುತ್ತಿರಲಿಲ್ಲ.

ನನಗೆ ಒಪ್ಪಿಸಿದ ಚಿತ್ರದಲ್ಲಿ ಕಥೆ ಅಂಥವಳದೇ. ಯೂರೋಪಿನಿಂದ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ಊರಂಚಿನ ಮಣಿಕೊಂಡದಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಮುಂದೆ ಕೆಲವು ದಿನ ಕ್ಯಾಮರಾ ಹಿಡಿದು ನಿಂತು, ಯಾದಗಿರಿ ಕಡೆಯಿಂದ ಬಂದ ಕೂಲಿ ಹೆಂಗಸಿನ ಒಂದು ದಿನವನ್ನು ತೆಗೆದಿದ್ದಳು. ಮಾತು ಕಡಿಮೆ. ಇಟ್ಟಿಗೆ ಹೊರುವುದು, ತಲೆಯ ಮೇಲಿನ ಸಿಂಬಿ ಸರಿಮಾಡಿಕೊಳ್ಳುವುದು, ಗಾಳಿಗೆ ಹಾರುವ ಸಿಮೆಂಟಿನ ಪುಡಿಯಲ್ಲಿ ಕಣ್ಣು ಕಿರಿದಾಗುವುದು. ಅಲ್ಲಲ್ಲಿ ಆಡಿದ ಮಾತೆಲ್ಲ ನಮ್ಮ ಕಡೆಯ ಕನ್ನಡ. ಆ ಹುಡುಗಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಕಿವಿಗೆ ಇಂಪಾಗಿ ಕೇಳಿದ್ದನ್ನು ಹಾಗೇ ಇಟ್ಟುಕೊಂಡು ತನ್ನ ದೇಶಕ್ಕೆ ಹೋಗಿದ್ದಳು. ಇಂಗ್ಲಿಷ್ ಸಬ್‌ಟೈಟಲ್ ಇಲ್ಲದ ಚಿತ್ರವನ್ನು ತೋರಿಸುವಂತಿಲ್ಲ ಎಂಬುದು ಉತ್ಸವದ ನಿಯಮ. ಅದಕ್ಕೇ ನಾನು.

ಉದ್ದದ ಮಾತನ್ನು ಚಿಕ್ಕದು ಮಾಡುವುದನ್ನು ಶಾಲೆಯಲ್ಲಿ ಸಿಸ್ಟರುಗಳು ಬೆತ್ತ ಹಿಡಿದು ಕಲಿಸಿದ್ದರು. "ಹುಷಾರಿ, ಕಾಲು ಜಾರೀತು", "ನೀರು ತಾರೇ", "ಮೇಸ್ತ್ರಿ ಬಂದ ನೋಡು"; ಇವೆಲ್ಲ ಒಂದೇ ಮಧ್ಯಾಹ್ನದಲ್ಲಿ ಮುಗಿದವು. ಆಮೇಲೆ ಊಟದ ದೃಶ್ಯ. ಅವಳು ಬುತ್ತಿ ಬಿಚ್ಚಿ ರೊಟ್ಟಿ ಮುರಿಯುತ್ತಾಳೆ. ಅರ್ಧ ಎದ್ದ ಗೋಡೆಯ ಕಿಂಡಿಯಿಂದ ಬಿಸಿಲು ಅವಳ ಕೈಮೇಲೆ ಬಿದ್ದಿದೆ. ಪಕ್ಕದವಳಿಗೆ ಹೇಳುತ್ತಾಳೆ:

"ಈ ಮೇಡಮ್ಮಗ ಹೇಳೀನವಾ, ನಿಮ್ಮ ದೇಶದಾಗ ಎಲ್ಲಿ ಬೇಕಲ್ಲಿ ತೋರಸ್ರಿ, ಈ ಊರಾಗ ಮಾತ್ರ ತೋರಸಬ್ಯಾಡ್ರಿ ಅಂತ. ನಮ್ಮ ಹುಡುಗಿ ಹಾಸ್ಟೆಲಿನ ಗೆಳತ್ಯಾರ ಮುಂದ, ನಮ್ಮವ್ವ ಆಫೀಸಿನ್ಯಾಗ ಕೆಲಸಕ್ಕದಾಳ ಅಂತ ಹೇಳ್ಕೊಂಡಾಳ."

"ನೀ ಹೇಳಿದ್ದು ಆಕಿಗೆ ತಿಳೀತೇನು?"

"ತಿಳಿದಿರಬೇಕು. ತಲಿ ಅಲ್ಲಾಡಿಸಿದ್ಲಲ್ಲ."

ಅಷ್ಟರಲ್ಲಿ ಕ್ಯಾಮರಾ ನೀರಿನ ಕೊಡದ ಮೇಲೆ ಕೂತ ಕಾಗೆಯ ಕಡೆ ತಿರುಗುತ್ತದೆ.

ಮೂರು ಸಲ ಹಿಂದಕ್ಕೆ ತಂದು ಕೇಳಿದೆ. ತೋರಿಸಬೇಡಿ ಎಂಬ ಮಾತು, ತೋರಿಸಲು ಹೊರಟ ಚಿತ್ರದ ನಟ್ಟನಡುವೆ, ಒಳ್ಳೆಯ ಬೆಳಕಿನಲ್ಲಿ ಕೂತಿತ್ತು. ಪಕ್ಕದ ಕೋಣೆಯಲ್ಲಿ ಫೋನಿನಲ್ಲಿದ್ದ ವ್ಯವಸ್ಥಾಪಕನನ್ನು ಕರೆದು ಅರ್ಥ ಹೇಳಿದೆ. ಅವನ ಮಾತು ತೆಲುಗು, ಹಿಂದಿ, ಇಂಗ್ಲಿಷ್ ಮೂರೂ ಕಲಸಿದ್ದು. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಆಂಟೀ!" ಎಂದು ಕುರ್ಚಿ ಎಳೆದುಕೊಂಡ. "ಇದೇ ಚಿತ್ರದ ಜೀವ ಕಣ್ರೀ. ಇದನ್ನು ಹಾಗೇ ಬರೀರಿ. ಒಂದು ಪದ ಬಿಡಬೇಡಿ. ನೋಡಿದವರು ಅತ್ತುಬಿಡಬೇಕು."

"ಅವಳು ಬೇಡ ಅಂತಿದ್ದಾಳಲ್ಲಪ್ಪಾ."

"ಊರಿನ ಚಿತ್ರ ಅಂತ ಇರೋದು ಇದೊಂದೇ ಆಂಟೀ. ಶಾಲೆ ಮಕ್ಕಳ ಪ್ರದರ್ಶನಕ್ಕೂ ಇದನ್ನೇ ಹಾಕಿದೀವಿ. ಹಾಸ್ಟೆಲುಗಳ ಹುಡುಗಿಯರನ್ನೆಲ್ಲ ಬಸ್ಸು ಮಾಡಿ ಕರೆಸ್ತಿದೀವಿ."

ಹೇಳಿ ಮುಗಿಸಿದ ಮೇಲೆ ಅವನಿಗೇ ಅದು ಕೇಳಿಸಿತು. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸತೊಡಗಿದ.

"ಹಾಗಾದರೆ ಮಕ್ಕಳಿಗೆ ಬೇಡ. ದೊಡ್ಡವರಿಗೆ ಸಂಜೆ ತೋರಿಸೋಣ."

"ಪೇಪರಿನವರು ಅವಳ ಫೋಟೋ ಹಾಕೋದಿಲ್ವಾ?"

ಅವನು ಕನ್ನಡಕ ಮತ್ತೆ ಹಾಕಿಕೊಂಡ. ಕೆಟ್ಟ ಹುಡುಗನಲ್ಲ. ಉತ್ಸವಕ್ಕೆ ಇನ್ನೊಂದೇ ವಾರ ಉಳಿದಿತ್ತು. ಎಷ್ಟು ದಿನದಿಂದ ನಿದ್ದೆ ಮಾಡಿರಲಿಲ್ಲವೋ, ಕಣ್ಣಿನ ಸುತ್ತ ಕಪ್ಪಾಗಿತ್ತು. ನಾನೂ ದಣಿದಿದ್ದೆ. ವಾದ ಮಾಡುವ ಶಕ್ತಿ ಇಬ್ಬರಲ್ಲೂ ಇರಲಿಲ್ಲ. ಸೋಮವಾರ ಮಾತಾಡೋಣ ಎಂದು ಬಸ್ಸಿಗೆ ಓಡಿದೆ. ಕಿಟಕಿಯ ಪಕ್ಕ ಜಾಗ ಸಿಕ್ಕರೂ ಕಣ್ಣು ಹತ್ತಲಿಲ್ಲ.

ಭಾನುವಾರ ಯಜಮಾನರ ಸ್ಕೂಟರಿನಲ್ಲಿ ಮಣಿಕೊಂಡಕ್ಕೆ ಹೋದೆವು. "ನಿನಗ್ಯಾಕ ಊರ ಉಸಾಬರಿ" ಎಂದು ದಾರಿಯುದ್ದಕ್ಕೂ ಅಂದರು, ಆದರೆ ವಿಳಾಸ ಕೇಳಲು ಸ್ಕೂಟರು ನಿಲ್ಲಿಸಿದವರೂ ಅವರೇ. ಕಟ್ಟಡದ ಪಕ್ಕದ ತಗಡಿನ ಶೆಡ್ಡುಗಳ ಮುಂದೆ ಆ ಹೆಂಗಸು ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಕೂತಿದ್ದಳು. ಹಚ್ಚುತ್ತಿದ್ದವಳು ಚಿತ್ರದಲ್ಲಿ ಪಕ್ಕದಲ್ಲಿ ಕೂತು ಉಂಡಿದ್ದವಳು. ಕನ್ನಡ ಕೇಳಿದ್ದೇ ಇಬ್ಬರೂ ಎದ್ದರು. ಸಿಮೆಂಟಿನ ಚೀಲ ಕೊಡವಿ ಹಾಸಿ ನನ್ನನ್ನು ಕೂರಿಸಿದರು.

"ಎಲ್ಲಿಯವರ್ರೀ ಅಕ್ಕಾರ?"

"ಹುಬ್ಬಳ್ಳಿ ಕಡೆಯವರು."

"ನಮ್ಮವ್ರ ಆದ್ರಲ್ರಿ! ಬೆಲ್ಲಾ ನೀರಾ ಏನರ ತಗೋರಿ."

ಚಿತ್ರ ನೋಡಿದೆ ಎಂದ ಕೂಡಲೇ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಾ ಛಂದ ಕಾಣಸ್ತೀನೇನ್ರಿ?"

"ಭಾಳ ಛಂದ ಕಾಣಸ್ತೀ."

"ಹೀರೋಯಿನ್ ಆಗ್ಯಾಳ್ರಿ ನಮ್ಮಾಕಿ," ಎಂದಳು ಎಣ್ಣೆ ಕೈಯವಳು, ಜಡೆ ಜಗ್ಗುತ್ತ. "ನಾಳಿಂದ ಇಟ್ಟಂಗಿ ಹೊರೂದಿಲ್ಲಂತ. ಮೇಸ್ತ್ರಿಗೆ ಛತ್ರಿ ಹಿಡಿ ಅಂತಾಳ."

"ಸುಮ್ನಿರಽ ಹುಚ್ಚಿ!"

ನಗು ನಿಲ್ಲುವವರೆಗೆ ಕಾದು ಹಾಸ್ಟೆಲಿನ ಹುಡುಗಿಯರ ವಿಷಯ ಹೇಳಿದೆ. ಅವಳ ಮಗಳ ಹಾಸ್ಟೆಲೂ ಬರುವ ಹಾಸ್ಟೆಲುಗಳಲ್ಲಿ ಒಂದಾಗಿತ್ತು. ಅವಳು ಸೆರಗನ್ನು ಬಾಯಿಂದ ಇಳಿಸಿದಳು.

"ತಿಳಿದಿದ್ದಿಲ್ಲೇನ್ರಿ ಆ ಮೇಡಮ್ಮಗ? ತಲಿ ಅಲ್ಲಾಡಿಸಿದ್ಲಲ್ರಿ."

"ಆಕಿಗೆ ಕನ್ನಡ ಬರೂದಿಲ್ಲವಾ."

"ನಾ ಕೈ ಮಾಡಿ ಮಾಡಿ ಹೇಳೀನ್ರೀ." ಎಣ್ಣೆಯ ಜಡೆಯನ್ನು ಮುಂದಕ್ಕೆ ಎಳೆದುಕೊಂಡಳು. "ಆ ಸುಳ್ಳು ನಂದಲ್ರಿ ಅಕ್ಕಾರ, ಆಕೀದು. ನಾ ಕಲಿಸಿಲ್ಲ. ಸಣ್ಣಾಕಿ ಅದಾಳ, ದೊಡ್ಡಾಕಿ ಆದಮ್ಯಾಲೆ ತಾನ ಬಿಡ್ತಾಳ. ಅಲ್ಲೀತನಕ ನಾ ಯಾಕ ಮುರೀಲಿ ಅದನ್ನ? ಐತಾರ ಐತಾರ ಆಕೀನ ನೋಡಾಕ ಹೋಗುವಾಗ ಉಗುರಾಗಿನ ಸಿಮಿಟಿ ತಿಕ್ಕಿ ತಿಕ್ಕಿ ತಗದು, ಇಸ್ತ್ರಿ ಸೀರಿ ಉಟ್ಕೊಂಡು ಹೋಗ್ತೀನ್ರಿ."

ನೋಡಿದೆ. ಉಗುರಿನ ಸುತ್ತ ಚರ್ಮ ಬಿರಿದು ಕೆಂಪಾಗಿತ್ತು. ಅವತ್ತು ಭಾನುವಾರ; ಅವತ್ತೂ ತಿಕ್ಕಿಕೊಂಡಿದ್ದಳು.

ಹೊರಡುವಾಗ ಸ್ಕೂಟರಿನವರೆಗೂ ಬಂದಳು. "ಆ ಹುಡುಗ್ಯಾರಿಗೆ ಬ್ಯಾಡ್ರಿ. ಆದ್ರ ನಾ ಒಮ್ಮೆ ನೋಡಬಹುದೇನ್ರಿ? ನನ್ನ ನಾ ಎಂದೂ ನೋಡಿಲ್ಲ, ಹಂಗ ಕೆಲಸ ಮಾಡಾಕತ್ತಿದ್ದು."

ಮರುದಿನ ಕೋಠಿಯಲ್ಲಿ, ಸಬ್‌ಟೈಟಲ್ ಮುಗಿಸಿಕೊಡುವುದಿಲ್ಲ ಎಂದೆ. ಹಾಗೆ ಯಾರಿಗಾದರೂ ಹೇಳಿ ಎಷ್ಟು ಕಾಲವಾಗಿತ್ತೋ, ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

"ಬೇರೆ ಯಾರನ್ನಾದರೂ ಹುಡುಕ್ತೀನಿ ಆಂಟೀ."

"ಹುಡುಕಪ್ಪ. ಕನ್ನಡ ಬರೋರನ್ನೇ ಹುಡುಕಬೇಕಲ್ಲ. ಅವರಿಗೂ ಇದೇ ಕೇಳಿಸ್ತದೆ."

ಅವನು ಮುಖವನ್ನು ಎರಡೂ ಅಂಗೈಯಲ್ಲಿ ಉಜ್ಜಿಕೊಂಡ. ಬೈಯುತ್ತಾನೆಂದುಕೊಂಡೆ. "ಚಹಾ ಕುಡೀತೀರಾ?" ಎಂದ. ಆಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ವಿದ್ಯಾರ್ಥಿನಿಗೆ ಇ-ಮೇಲ್ ಬರೆದ. ಊಟದ ದೃಶ್ಯದ ಮಾತುಗಳನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ, ಅವನು ಟೈಪು ಮಾಡಿದ. ಮಾರನೆಯ ದಿನ ಉತ್ತರ ಬಂದಿತ್ತು. ಆ ಹೆಂಗಸು ಕೈಯಾಡಿಸಿ ಹೇಳಿದ್ದನ್ನು, ಧೂಳು ಬರುತ್ತದೆ ಕ್ಯಾಮರಾ ಜೋಪಾನ ಎನ್ನುತ್ತಿದ್ದಾಳೆ ಎಂದು ತಾನು ತಿಳಿದಿದ್ದಾಗಿಯೂ, ಚಿತ್ರವನ್ನು ದಯವಿಟ್ಟು ಹೈದರಾಬಾದಿನಲ್ಲಿ ತೋರಿಸಬಾರದೆಂದೂ ಬರೆದಿದ್ದಳು. ಪಾಪ, ತುಂಬ ಕ್ಷಮೆ ಕೇಳಿದ್ದಳು. ನನ್ನ ಹತ್ತಿರವೂ, ಯಾಕೋ.

ಆ ಜಾಗಕ್ಕೆ ಒಂಟೆಯ ಹಲ್ಲುನೋವಿನ ಮೇಲೆ ತೆಗೆದ ಇನ್ಯಾವುದೋ ದೇಶದ ಚಿತ್ರ ಬಂತು. ಮಕ್ಕಳ ಪ್ರದರ್ಶನದ ದಿನ ಬೆಳಿಗ್ಗೆ, ಉತ್ಸವದ ಚಿತ್ರಮಂದಿರ ತೆರೆದು ಯಂತ್ರ ಪರೀಕ್ಷೆ ಮಾಡುವ ಹೊತ್ತಿನಲ್ಲಿ, ಆ ಹೆಂಗಸಿಗೊಬ್ಬಳಿಗೇ ಚಿತ್ರ ತೋರಿಸಲು ವ್ಯವಸ್ಥಾಪಕ ಒಪ್ಪಿದ. "ಹುಡುಗಿಯರ ಬಸ್ಸು ಬರೋದರೊಳಗೆ ಮುಗಿಸಿಬಿಡಿ ಆಂಟೀ." ಶೆಡ್ಡಿನ ಪಕ್ಕದ ಎಸ್‌ಟಿಡಿ ಬೂತಿಗೆ ಫೋನು ಮಾಡಿ ತಿಳಿಸಿದೆ. ಬರುತ್ತೇನೆಂದಳು. ಇಸ್ತ್ರಿ ಸೀರೆ ಉಟ್ಟು ಬರುತ್ತೇನೆಂದಳು.

ಆ ದಿನ ಒಲೆಯ ಕೆಲಸವನ್ನು ಬೆಳಗಾಗುವ ಮೊದಲೇ ಮುಗಿಸಿ, ಚಿತ್ರಮಂದಿರದ ಬಾಗಿಲಲ್ಲಿ ನಿಂತೆ. ಅವಳು ಬರಲಿಲ್ಲ. ಬಂದದ್ದು ಎಣ್ಣೆ ಹಚ್ಚುತ್ತಿದ್ದ ಗೆಳತಿ, ಅದೂ ಆಟೋದಿಂದ ಇಳಿಯದೆ. ಗಾರೆ ಮೆತ್ತಿದ ಕೈಯನ್ನು ಹೊರಗೆ ಚಾಚಿದ್ದಳು.

"ಸ್ಲ್ಯಾಬು ಹಾಕಾಕ ಹಚ್ಯಾರ್ರಿ ಅಕ್ಕಾರ. ನಸುಕಿನ್ಯಾಗ ಚಾಲೂ ಆತು. ನಡುವ ಬಿಡಂಗಿಲ್ಲ, ಬಿಟ್ರ ಬಿರುಕು ಬಿಡತೈತಿ. ಕಲಸೋ ಮಿಷನ್ನಿನ ಪಟ್ಟಿ ತರಾಕ ನನ್ನ ಈ ಕಡಿ ಕಳಿಸ್ಯಾರ, ಹಂಗಽ ಹೇಳಿ ಹೋಗೂಣಂತ ಬಂದೆ. ಇನ್ನೊಮ್ಮೆ ಬರ್ತಾಳಂತ್ರಿ."

ಇನ್ನೊಮ್ಮೆ ಎಂಬುದು ಇರಲಿಲ್ಲ. ಉತ್ಸವ ಮುಗಿದ ಮೇಲೆ ಕ್ಯಾಸೆಟ್ಟುಗಳೆಲ್ಲ ಬಂದ ದೇಶಕ್ಕೆ ಹಿಂತಿರುಗುತ್ತಿದ್ದವು. ಅದನ್ನು ಅವಳಿಗೆ ಹೇಳಲಿಲ್ಲ. "ಆತು, ಹೋಗ್ರಿ, ಹೊತ್ತಾಗತೈತಿ" ಎಂದೆ. ಆಟೋ ಹೋಯಿತು.

ಒಳಗೆ ಯಂತ್ರ ನಡೆಸುವವನು, "ಹಾಕಲೇ ಮೇಡಂ, ಬೇಡವೇ?" ಎಂದು ಕಿಂಡಿಯಿಂದ ಕೂಗಿದ. ಹಾಕು ಎಂದೆ. ಖಾಲಿ ಕುರ್ಚಿಗಳ ನಡುವೆ ಒಬ್ಬಳೇ ಕೂತು ನೋಡಿದೆ. ಕೋಠಿಯ ಸಣ್ಣ ಪರದೆಯಲ್ಲಿ ಕಾಣದ ಎಷ್ಟೋ ಸಂಗತಿ ಇಲ್ಲಿ ಕಂಡವು: ಕೊರಳ ದಾರಕ್ಕೆ ಸಿಕ್ಕಿಸಿದ ಪಿನ್ನು, ಕೊಡದ ಕಂಠದ ತಗ್ಗು. ಇಟ್ಟಿಗೆ ಇಳಿಸಿದ ಮೇಲೆ ಒಂದು ಗಳಿಗೆ ಅವಳು ಖಾಲಿ ತಲೆಯನ್ನು ಹೊತ್ತವಳಂತೆಯೇ ನೇರ ಹಿಡಿದು ನಿಲ್ಲುತ್ತಿದ್ದಳು. ಊಟದ ದೃಶ್ಯ ಬಂತು. ಮಾತು ಇಡೀ ಚಿತ್ರಮಂದಿರಕ್ಕೆ ಕೇಳಿಸಿತು. ಕೆಳಗೆ ಏನೂ ಬರೆದಿರಲಿಲ್ಲ.

ದೀಪ ಹತ್ತುವಷ್ಟರಲ್ಲಿ ಹೊರಗೆ ಬಸ್ಸುಗಳ ಸದ್ದು. ಹುಡುಗಿಯರು ಎರಡೆರಡು ಜಡೆ ಹಾಕಿಕೊಂಡು, ಸಾಲಾಗಿ, ಒಬ್ಬರ ಭುಜ ಒಬ್ಬರು ಹಿಡಿದು ಒಳಗೆ ಬಂದರು. ಬಂದವರೇ ಸಾಲು ಮುರಿದು ಕುರ್ಚಿಗಾಗಿ ಗಲಾಟೆ ಎಬ್ಬಿಸಿದರು. ತೆಲುಗಿನಲ್ಲಿ ಜಗಳ, ತೆಲುಗಿನಲ್ಲೇ ರಾಜಿ. ಅವರಲ್ಲಿ ಆ ಮಗಳು ಯಾರೆಂದು ನನಗೆ ತಿಳಿಯುವಂತಿರಲಿಲ್ಲ. ಅವಳ ಹೆಸರನ್ನೇ ನಾನು ಕೇಳಿರಲಿಲ್ಲ. ಮೂಗು, ಹಣೆ, ನಿಲ್ಲುವ ರೀತಿ ಎಂದು ಹುಡುಕಿದೆ. ಹುಡುಕುತ್ತ ಹೋದಂತೆ ಎಲ್ಲರೂ ಅವಳಂತೆಯೇ ಕಾಣತೊಡಗಿದರು.

ನನ್ನ ಪಕ್ಕದ ಕುರ್ಚಿಗೆ ಜಿಗಿದು ಕೂತ ಹುಡುಗಿಯೊಬ್ಬಳು, "ಆಂಟೀ, ಏನು ಸಿನಿಮಾ ತೋರಿಸ್ತಾರೆ?" ಎಂದು ತೆಲುಗಿನಲ್ಲಿ ಕೇಳಿದಳು.

"ಒಂಟೆಗೆ ಹಲ್ಲುನೋವು," ಎಂದೆ.

ಅವಳು ಹಿಂದಕ್ಕೆ ತಿರುಗಿ ಗೆಳತಿಯರಿಗೆಲ್ಲ ಕೂಗಿ ಹೇಳಿದಳು. ನಗು ಒಂದೊಂದೇ ಸಾಲಿಗೆ ಹಬ್ಬಿತು. ದೀಪ ಆರಿತು. ಕತ್ತಲಲ್ಲಿ ಅವರ ಮೊಣಕಾಲುಗಳನ್ನು ದಾಟುತ್ತ, ತುಳಿಯದಂತೆ ನೋಡಿಕೊಳ್ಳುತ್ತ, ನಾನು ಮನೆಗೆ ಹೋಗುವ ಬಸ್ಸಿನ ಕಡೆ ಹೊರಟೆ.