ಅವ್ವನ ಎಣ್ಣೆ, ಮೊದಲೇ ಹೊಲಿದ ಕುಲಾವಿ

ಮೊನ್ನೆ ಮೆಹದಿಪಟ್ಟಣಂ ಬಸ್ಸಿನಲ್ಲಿ ಪಕ್ಕದ ಮುದುಕಿಯ ಮೊಣಕಾಲಿನಿಂದ ಎಳ್ಳೆಣ್ಣೆ, ಬೆಳ್ಳುಳ್ಳಿ, ಅಜವಾನದ ವಾಸನೆ ಬಂತು. ಉಳಿದವರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ಗುರುಗಳ ಎದುರು ಕೂತವನಂತೆ ಬೆನ್ನು ನೆಟ್ಟಗೆ ಮಾಡಿದೆ.

ಹೈದರಾಬಾದಿನ ಸಂಶೋಧನಾ ಕೇಂದ್ರವೊಂದಕ್ಕೆ ನಾನು ಹೊಸದಾಗಿ ಸೇರಿದಾಗ ಅಲ್ಲಿನ ಹಿರಿಯ ಸಂಖ್ಯಾಶಾಸ್ತ್ರಜ್ಞರೊಬ್ಬರ ಕೋಣೆಯಲ್ಲಿ ಇದೇ ವಾಸನೆ. ರಾಯಚೂರು ಕಡೆಯವರು. ಎಣ್ಣೆ ಅವರ ತೀರಿಹೋದ ಅವ್ವ ಕಾಸುತ್ತಿದ್ದ ಕ್ರಮದ್ದು. ಓಣಿಯ ಅರ್ಧ ಮಂಡಿಗಳು ಅದರ ಬಲದಲ್ಲೇ ನಡೆಯುತ್ತಿದ್ದವೆಂದು ಅವರ ನಂಬಿಕೆ. ಕೇಂದ್ರ ಅದರ ಪರೀಕ್ಷೆಗೆ ಒಪ್ಪಿತು: ಮಂಡಿನೋವಿನ ಅರ್ಧ ರೋಗಿಗಳಿಗೆ ಅವ್ವನ ಎಣ್ಣೆ, ಉಳಿದವರಿಗೆ ಅದೇ ವಾಸನೆ ಹತ್ತಿಸಿದ ಬರೀ ಎಳ್ಳೆಣ್ಣೆ.

ಮೊದಲ ರೋಗಿ ಬರುವ ಮುಂಚೆಯೇ ಅವರು ಕೂತು ಬರೆದರು: ನೋವನ್ನು ಯಾವ ವಾರ ಅಳೆಯುವುದು, ಯಾರನ್ನು ಯಾರೊಡನೆ ಹೋಲಿಸುವುದು, ಎಷ್ಟು ಇಳಿದರೆ ಗುಣ ಎನ್ನುವುದು. ಎಣ್ಣೆ ತಮ್ಮ ತಾಯಿಯದೆಂದು ಮೊದಲ ಪುಟದಲ್ಲೇ ಒಪ್ಪಿಕೊಂಡರು. ಅಬಿಡ್ಸ್ ಅಂಚೆ ಕಚೇರಿಗೆ ಹೋಗಿ ಆ ಬರಹವನ್ನು ತಮ್ಮ ವಿಳಾಸಕ್ಕೇ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದರು. ಲಕೋಟೆ ಬಂದಾಗ ಮಹಾ ಗಾಂಭೀರ್ಯದಿಂದ ಸಹಿ ಹಾಕಿ ಪಡೆದು, ಒಡೆಯದೆ ಕಪಾಟಿನಲ್ಲಿಟ್ಟರು. ಮೇಲೆ ಅಂಚೆ ಮುದ್ರೆ; ಬರೆದ ತಾರೀಖಿಗೆ ಸರಕಾರವೇ ಸಾಕ್ಷಿ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಆಯ್ತಲ್ಲ ಸರ್," ಎಂದೆ.

"ನಮ್ಮ ಧಂಧಾದಾಗ ಮೊದ್ಲೇ ಹೊಲೀಬೇಕು ತಮ್ಮಾ. ಹುಟ್ಟಿದ ಮ್ಯಾಲೆ ಅಳತಿ ತಗೊಂಡು ಹೊಲಿದ್ರ ಯಾವ ತಲಿಗೆ ಸರಿ ಬರಂಗಿಲ್ಲ, ಹೇಳು?"

ಲೆಕ್ಕ ಮುಗಿದಾಗ ಎರಡು ಎಣ್ಣೆಗಳಿಗೂ ವ್ಯತ್ಯಾಸವೇ ಇರಲಿಲ್ಲ... ನನಗೆ ತಡೆಯಲಾಗಲಿಲ್ಲ. ಗುಟ್ಟಾಗಿ ಅಂಕಿಗಳನ್ನು ಕೆದಕಿದೆ. ಅರವತ್ತು ದಾಟಿದ ಹೆಂಗಸರಲ್ಲಿ ಮಾತ್ರ ಅವ್ವ ಗೆದ್ದಿದ್ದಳು. ಕಾಣಿಕೆ ಒಪ್ಪಿಸುವವನಂತೆ ಹಾಳೆ ಮುಂದಿಟ್ಟೆ.

"ಸರ್, ಇವರನ್ನಷ್ಟೇ ತೋರಿಸಿದರೆ?"

ಅಂಕಿಗಳ ಮೇಲೆ ಬೆರಳಿಟ್ಟು ಓದಿದರು. ಆಮೇಲೆ ಎದ್ದು ಕಪಾಟಿನ ಲಕೋಟೆ ಒಡೆದರು.

"ಇದರಾಗ ಮುದುಕ್ಯಾರ ಮಾತು ಎಲ್ಲೈತಿ, ತೋರಿಸು."

ಎಲ್ಲಿಯೂ ಇರಲಿಲ್ಲ.

"ಅಂದಮ್ಯಾಲೆ ಬರಿ, ಫರಕ ಇಲ್ಲ ಅಂತ."

ನಾನು ಪೆನ್ನನ್ನು ಅವರತ್ತ ಸರಿಸಿದೆ. ತೆಗೆದುಕೊಂಡು ಅವರೇ ಬರೆದರು, ದುಂಡಗೆ, ಒಂದಕ್ಷರವೂ ಅಲುಗದಂತೆ.

"ಅವ್ವ ಇದ್ದಿದ್ರ ಬೈತಿದ್ಲು," ಎಂದರು. "ಸುಳ್ಳು ಬರೆದಿದ್ರ ಮಾತ ಬಿಡ್ತಿದ್ಲು."

ದೊಡ್ಡವರೆಂದು ಕೈ ಮುಗಿಯುವ ಅಭ್ಯಾಸ ನನಗಿಲ್ಲ. ಅಂದು ಮೇಜಿನ ಕೆಳಗೆ ಕೈಗಳು ತಾವೇ ಕೂಡಿಕೊಂಡವು.

ಅವರು ಹೋಗಿ ವರ್ಷಗಳಾದವು. ಈಗ ಆ ಕೋಣೆ ನನ್ನದು. ಕಿರಿಯರು ಅಂಥದೇ ಹಾಳೆ ತಂದು "ಇಷ್ಟನ್ನೇ ತೋರಿಸೋಣವಾ?" ಎಂದಾಗ ಬೇಡ ಎನ್ನುತ್ತೇನೆ. ನಾನೇ ಅಂಥ ಹಾಳೆ ಹಿಡಿದು ಕೂತ ದಿನ ಬೇಡ ಎನ್ನುವವರು ಯಾರೂ ಉಳಿದಿಲ್ಲ...