ಒಳಮನೆಗೆ ಹೋಗಲೊಲ್ಲದ ಸೀಡಿ

ತಪ್ಪು ನನ್ನದೇ. ಮೊದಲೇ ಹೇಳಿಬಿಟ್ಟರೆ ಹಗುರ. ಆವತ್ತು ಇಡೀ ಹಗಲು ನಾನು ಕೇಬಲ್ಲನ್ನು ಬೈದೆ, ಕರೆಂಟನ್ನು ಬೈದೆ, ಸೀಡಿಯನ್ನೂ ಅದನ್ನು ಮಾಡಿದವರ ವಂಶವನ್ನೂ ಬೈದೆ. ಎಲ್ಲರೂ ನಿರಪರಾಧಿಗಳು. ಅಪರಾಧಿ ಕುರ್ಚಿಯ ಮೇಲೆ ಕೂತು ಮೌಸ್ ಆಡಿಸುತ್ತಿದ್ದ. ಅವನಿಗೆ ಆಗ ಇಪ್ಪತ್ತೆರಡು ವರ್ಷ. ಬೈಲಹೊಂಗಲದ ಬಜಾರಿನಲ್ಲಿ ತನಗಿಂತ ಶಾಣ್ಯಾ ಯಾರೂ ಇಲ್ಲವೆಂದು ನಂಬಿದ್ದ.

ಮೊನ್ನೆ ಹಳೆಯ ಟ್ರಂಕಿನಲ್ಲಿ ಬೇರೇನೋ ಹುಡುಕುವಾಗ ಆ ಸೀಡಿ ಡ್ರೈವ್ ಕೈಗೆ ಬಂತು. ಕಂಪ್ಯೂಟರಿನ ಹೊರಗಿಟ್ಟು ವಯರಿನಿಂದ ಜೋಡಿಸುವಂಥದ್ದು, ಚಪ್ಪಟೆ ಊಟದ ಡಬ್ಬಿಯಷ್ಟು ದೊಡ್ಡದು. ಅದರ ಅಂಚಿಗೆ ಹಸಿರು ರೇಷ್ಮೆ ದಾರದ ಒಂದು ಎಳೆ ಸಿಕ್ಕಿಕೊಂಡಿತ್ತು. ಮೂಗಿನ ಹತ್ತಿರ ಹಿಡಿದರೆ ಹೊಲಿಗೆ ಮಷೀನಿನ ಎಣ್ಣೆಯ ವಾಸನೆ... ಇಷ್ಟು ವರ್ಷವಾದರೂ ಹೋಗಿಲ್ಲ. ಅದು ಮೂಗಿಗೆ ಬಡಿದದ್ದೇ ತಡ, ಕೂತಲ್ಲಿ ಕೂರಲಾಗಲಿಲ್ಲ. ಎದ್ದೆ, ಬಾಗಿಲವರೆಗೆ ಹೋದೆ, ಬಂದು ಕೂತೆ, ಮತ್ತೆ ಎದ್ದೆ.

ನಾವೆಲ್ಲ ಚಾಚಾ ಎನ್ನುತ್ತಿದ್ದವರದು ಎಂಬ್ರಾಯಿಡರಿ ಅಂಗಡಿ. ನಾನು ಕಂಪ್ಯೂಟರ್ ಕಲಿಸುತ್ತಿದ್ದ ಕ್ಲಾಸಿನ ಕೆಳಗೇ ಇತ್ತು. ಅಂಗಡಿಯ ಹಿಂದೆ ಒಂದು ಪರದೆ, ಪರದೆಯ ಹಿಂದೆ ಅವರ ಮನೆ. ಮದುವೆಯ ಕುಪ್ಪಸಕ್ಕೆ ಗಿಳಿಜೋಡಿ, ನವಿಲು, ಬಳ್ಳಿ ಬೇಕೆಂದರೆ ರಾಮದುರ್ಗ, ಸವದತ್ತಿಯ ಕಡೆಯಿಂದಲೂ ಹೆಣ್ಣುಮಕ್ಕಳು ಅವರಲ್ಲಿಗೇ ಬರುತ್ತಿದ್ದರು.

ನಾನೋ, ಸಿಕ್ಕವರನ್ನೆಲ್ಲ ಅಣಕಿಸುವವನು. ಕಿತ್ತೂರು ಬಸ್ಸಿನ ಕಂಡಕ್ಟರ್ ಚಿಲ್ಲರೆ ಇಲ್ಲ ಎನ್ನುವ ಗತ್ತು, ನಮ್ಮಪ್ಪ ಸೀನುವ ಮೊದಲು ಛಾವಣಿ ನೋಡುವ ಭಕ್ತಿ, ಇಂಗ್ಲಿಷ್ ಬಾರದ ನಾನು ಇಂಗ್ಲಿಷಿನಲ್ಲಿ ಪಾಠ ಹೇಳುವ ಧೈರ್ಯ... ಯಾವುದನ್ನೂ ಬಿಟ್ಟಿರಲಿಲ್ಲ. ಚಾಚಾ ಅಂತೂ ನನ್ನ ಪಾಲಿಗೆ ಹಬ್ಬದೂಟ. ಅರ್ಧ ಮೂಗಿನಿಂದ, ಅರ್ಧ ಗಂಟಲಿನಿಂದ ಬರುವ ಆ ದನಿ: "ಬರ್ರಿ ಬರ್ರಿ, ಕುಂತ್ರಿ, ಚಾ ಹೇಳ್ಲ್ಯಾ?" ಜೊತೆಗೆ ಸೂಜಿಗೆ ದಾರ ಪೋಣಿಸುವಾಗ ಅವರ ಬಲಗೈ ಗಾಳಿಗೆ ಸಿಕ್ಕ ಎಲೆಯಂತೆ ಆಡುತ್ತಿತ್ತು. ಅದನ್ನೂ ಮಾಡಿ ತೋರಿಸುತ್ತಿದ್ದೆ. ಬಜಾರಿನವರು ನಗುತ್ತಿದ್ದರು. ಕೈ ಹಾಗೆ ಆಡುವುದು ಚಾಚಾನ ಒಂದು ಚಾಳಿ ಎಂದೇ ತಿಳಿದಿದ್ದೆ...

ಒಂದು ಕಾಲಕ್ಕೆ ಅವರು ಎಲ್ಲವನ್ನೂ ಕೈಯಿಂದಲೇ ಹಾಕುತ್ತಿದ್ದರಂತೆ. ಆಮೇಲೆ ಕಂಪ್ಯೂಟರ್ ಹೇಳಿದಂತೆ ಹೊಲಿಯುವ ಮಷೀನ್ ತಂದರು. ಕೈ ಇನ್ನೂ ನೆಟ್ಟಗಿದ್ದಾಗಲೇ ತಮ್ಮ ಗಿಳಿ, ನವಿಲುಗಳನ್ನೆಲ್ಲ ಒಂದೊಂದು ಹೊಲಿಗೆಯಾಗಿ ಅದರ ಪ್ರೋಗ್ರಾಮಿನಲ್ಲಿ ಕೂಡಿಸಿಟ್ಟಿದ್ದರು. ಆ ಪ್ರೋಗ್ರಾಮಿಗೆ ಒಂದು ಹಟವಿತ್ತು. ತನ್ನ ಅಸಲಿ ಸೀಡಿ ಡ್ರೈವಿನಲ್ಲಿದ್ದರೆ ಮಾತ್ರ ಕಣ್ಣು ತೆರೆಯುತ್ತಿತ್ತು. ನಾನು ಸೀಡಿಯ ನಕಲು ಮಾಡಿ ಕೊಟ್ಟು ನೋಡಿದೆ. ಊರೆಲ್ಲ ನನ್ನ ನಕಲಿಗೆ ಮರುಳಾದರೂ ಅದು ಆಗಲಿಲ್ಲ.

ಅವರ ಹಳೆಯ ಕಂಪ್ಯೂಟರ್ ಸತ್ತಾಗ ಹೊಸದನ್ನು ಕೊಡಿಸಿದವನು ನಾನೇ. ಹೊಸದರಲ್ಲಿ ಆ ಹಳೆಯ ಪ್ರೋಗ್ರಾಂ ನಡೆಯಲೊಲ್ಲದು. ಅದಕ್ಕೇ ವರ್ಚುವಲ್ ಮಷೀನ್ ಹಾಕಿದೆ, ಅಂದರೆ ಹೊಸ ಕಂಪ್ಯೂಟರಿನ ಒಳಗೇ ಹಳೆಯ ಕಾಲದ ಇನ್ನೊಂದು ಕಂಪ್ಯೂಟರನ್ನು ಕೂಡಿಸಿದೆ. ಸೀಡಿಗೆಂದು ಈ ಹೊರಗಿನ ಡ್ರೈವ್ ತರಿಸಿದೆ.

"ಹೊರಗಿಂದು ಪಡಸಾಲಿ ಅನ್ಕೋರಿ ಚಾಚಾ, ಒಳಗಿಂದು ಒಳಮನಿ. ಸೀಡಿ ಪಡಸಾಲಿ ದಾಟಿ ಒಳಮನಿಗೆ ಹೋಗಬೇಕು, ಅಷ್ಟs" ಎಂದೆ.

ನನ್ನ ಕೀಬೋರ್ಡಿನ ಸದ್ದಿಗೆ ಪರದೆಯ ಆಚೆಯಿಂದ ಅವರ ಹೆಂಡತಿ ಚಾಚಿ ಕೇಳಿದರು, "ಒಂದರ ಹೊಟ್ಯಾಗ ಇನ್ನೊಂದ ಐತಿ? ಹಂಗಾರ ಬಸ್ರಿ ಅನ್ನು. ಹಗೂರಕ ಬಡಿಯೋ ಅದನ್ನ, ಆ ಪರಿ ಕುಟ್ಟಬ್ಯಾಡ."

ಅಲ್ಲಿಗೆ ಬಿಟ್ಟಿದ್ದರೆ ಒಳ್ಳೆಯದಿತ್ತು. ನನ್ನ ಕೈ ಸುಮ್ಮನಿರಬೇಕಲ್ಲ? ಹೊರಗಿನ ಕಂಪ್ಯೂಟರಿನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬಚ್ಚಿಟ್ಟೆ. ಅದು ಸದಾ ಡ್ರೈವನ್ನೇ ಕಾಯುತ್ತ ಕೂತಿರುತ್ತಿತ್ತು. ಯಾರಾದರೂ ಸೀಡಿ ಹಾಕಿದ್ದೇ ತಡ, ಚಾಚಾನ ದನಿಯಲ್ಲಿ, ಅಂದರೆ ನಾನು ಮಾಡಿದ ಚಾಚಾನ ದನಿಯಲ್ಲಿ, "ಬರ್ರಿ ಬರ್ರಿ, ಕುಂತ್ರಿ, ಚಾ ಹೇಳ್ಲ್ಯಾ?" ಎನ್ನುತ್ತಿತ್ತು.

ಮರುದಿನ ಬೆಳಿಗ್ಗೆಯೇ ನೇಸರಗಿಯ ಒಬ್ಬ ಅಕ್ಕಾರು ಬಂದರು. ಮಗಳ ಮದುವೆ ಮಾರನೆಯ ದಿನವೇ ಇತ್ತು. ಮದುಮಗಳ ಹಸಿರು ಕುಪ್ಪಸದ ತೋಳಿಗೆ ಗಿಳಿಜೋಡಿ ಆಗಬೇಕು. ಆ ಅಕ್ಕಾರ ಮದುವೆಯ ಕುಪ್ಪಸಕ್ಕೂ ಅದೇ ಗಿಳಿಗಳನ್ನು ಚಾಚಾನೇ ಕೈಯಿಂದ ಹಾಕಿಕೊಟ್ಟಿದ್ದರಂತೆ. ಐದೂವರೆಯ ಬಸ್ಸಿಗೆ ಕುಪ್ಪಸದ ಸಮೇತ ಕಳಿಸುತ್ತೇನೆಂದು ಚಾಚಾ ಮಾತು ಕೊಟ್ಟಿದ್ದರು.

ನಾನು ಅಂಗಿಯ ತೋಳು ಮಡಚಿ ಕೂತೆ. ಸೀಡಿ ಹಾಕಿದೆ. "ಬರ್ರಿ ಬರ್ರಿ, ಕುಂತ್ರಿ" ಎಂದಿತು. ಅಕ್ಕಾರು ಬಿದ್ದು ಬಿದ್ದು ನಕ್ಕರು. ಡ್ರೈವನ್ನು ಒಳಗಿನ ಕಂಪ್ಯೂಟರಿಗೆ ದಾಟಿಸಲು ಒತ್ತಿದೆ. ಡ್ರೈವ್ ಬೇರೆ ಕೆಲಸದಲ್ಲಿದೆ ಎಂದು ಉತ್ತರ ಬಂತು. ಯಾವ ಕೆಲಸ? ತೆರೆದದ್ದನ್ನೆಲ್ಲ ಮುಚ್ಚಿದೆ. ಮತ್ತೆ ಒತ್ತಿದೆ. ಅದೇ ಉತ್ತರ. ವಯರ್ ಕಿತ್ತು ಹಾಕಿದೆ. ಸೀಡಿ ತೆಗೆದು ಅಂಗಿಗೆ ಒರೆಸಿ ಹಾಕಿದೆ. "ಬರ್ರಿ ಬರ್ರಿ, ಕುಂತ್ರಿ." ಹತ್ತನೆಯ ಸಲಕ್ಕೆ ಯಾರೂ ನಗಲಿಲ್ಲ.

ಕರೆಂಟ್ ಹೋಯಿತು, ಬಂತು. ಅಕ್ಕಾರು ಎದ್ದು ರಸ್ತೆ ನೋಡಿದರು, ಕೂತರು, ಮತ್ತೆ ಎದ್ದರು.

"ಏನಪಾ ಮಾಸ್ತರಾ, ಆಗೂದೈತೋ ಇಲ್ಲೋ? ಒಂದ ಮಾತ ಹೇಳಿಬಿಡು."

"ಆಗತೈತ್ರಿ, ಇನ್ನ ಐದ ಮಿನೀಟು." ಆ ಐದು ಮಿನಿಟು ಬೆಳಿಗ್ಗೆಯಿಂದ ನಡೆದೇ ಇತ್ತು.

ಮೂರು ಗಂಟೆಗೆ ಚಾಚಾ ಎದ್ದರು. "ಕುಂತ್ರಿ ಅಕ್ಕಾರ. ಮಷೀನ ಒಲ್ಲೆ ಅಂದ್ರ ಕೈಲೆ ಹಾಕ್ತೇನಿ" ಎಂದು ಕುಪ್ಪಸದ ಬಟ್ಟೆ ತೆಗೆದುಕೊಂಡು ಒಳಗೆ ಹೋದರು. ಅಕ್ಕಾರಿಗೆ ಸಮಾಧಾನವಾಯಿತು. ಪರದೆ ಹಿಡಿದು ನಿಂತಿದ್ದ ಚಾಚಿಯ ಮುಖ ಮಾತ್ರ ಬಿಳಚಿಕೊಂಡಿತು. ನಾನು ಬಗ್ಗಿ ನೋಡಿದೆ. ಚಾಚಾ ಬೆಳಕಿಗೆ ಸೂಜಿ ಹಿಡಿದು ಕೂತಿದ್ದರು. ದಾರದ ತುದಿ ಸೂಜಿಯ ಕಣ್ಣಿನ ಎಡಕ್ಕೆ ಹೋಗುತ್ತಿತ್ತು, ಬಲಕ್ಕೆ ಹೋಗುತ್ತಿತ್ತು. ಎಡಗೈಯಿಂದ ಬಲಗೈ ಹಿಡಿದುಕೊಂಡು ನೋಡಿದರು. ಆಗಲಿಲ್ಲ...

"ಏನ ಮಾಡಾಕತ್ತಾರ ಒಳಗ?" ಅಕ್ಕಾರು ಕೇಳಿದರು.

ನನಗೆ ಏನಾಗಿತ್ತೋ. ಬೆಳಿಗ್ಗೆಯಿಂದ ಸೋತಿದ್ದೆ, ಒಮ್ಮೆಯಾದರೂ ಯಾರಾದರೂ ನಗಲಿ ಅನಿಸಿತು. ಇಲ್ಲದ ಸೂಜಿಯನ್ನು ಹಿಡಿದೆ, ಇಲ್ಲದ ದಾರಕ್ಕೆ ಎಂಜಲು ಹಚ್ಚಿದೆ, ಕೈ ಗಡಗಡ ನಡುಗಿಸಿದೆ. ಅಕ್ಕಾರು ಸೆರಗು ಬಾಯಿಗೆ ಹಿಡಿದು ನಕ್ಕರು. ನಗುತ್ತ ನಗುತ್ತ ಅವರ ಕಣ್ಣು ನನ್ನ ಬೆನ್ನ ಹಿಂದೆ ನಿಂತಿತು. ತಿರುಗಿ ನೋಡಿದರೆ ಚಾಚಾ ಪರದೆಯ ಬಳಿ ನಿಂತಿದ್ದರು.

ಬೈಯಲಿಲ್ಲ. ಬಂದು ನನ್ನ ಪಕ್ಕ ಸ್ಟೂಲಿನ ಮೇಲೆ ಕೂತರು. "ಇನ್ನೊಮ್ಮೆ ಹಾಕ ಸೀಡಿ" ಎಂದರು. ಹಾಕಿದೆ. "ಬರ್ರಿ ಬರ್ರಿ, ಕುಂತ್ರಿ, ಚಾ ಹೇಳ್ಲ್ಯಾ?"

"ಇದು ಯಾರು ಮಾತಾಡೂದು? ಪಡಸಾಲ್ಯಾಗಿಂದೋ, ಒಳಮನ್ಯಾಗಿಂದೋ?"

"ಪಡಸಾಲ್ಯಾಗಿಂದು ರೀ. ನಾನs ಹಾಕೇನಿ, ಚ್ಯಾಷ್ಟಿಗೆ."

"ಬಂದ ಮೆಹಮಾನನ್ನ ಪಡಸಾಲ್ಯಾಗs ಹಿಡದ ಕುಂಡ್ರಿಸಿ, ಚಾ ಕೇಳಕೋತ ನಿಂತ್ರ, ಅಂವಾ ಒಳಮನಿಗೆ ಹೆಂಗ ಹೋಗ್ಬೇಕೋ ತಮ್ಮಾ?"

ಆಗ ನನಗೆ ಹೊಳೆಯಿತು. ಬೆಳಿಗ್ಗೆಯಿಂದ ಡ್ರೈವನ್ನು ಹಿಡಿದುಕೊಂಡು ಬಿಡದೆ ಕೂತದ್ದು ನನ್ನದೇ ಅಣಕದ ಪ್ರೋಗ್ರಾಂ. ಕಂಪ್ಯೂಟರ್ ಪಾಪ ಪ್ರತಿ ಸಲವೂ ಅದನ್ನೇ ಹೇಳಿತ್ತು. ಆ ಅಣಕವನ್ನು ಅಳಿಸಿ ಹಾಕಿದೆ. ಸೀಡಿ ಹಾಕಿದೆ. ಯಾರೂ ಬರ್ರಿ ಅನ್ನಲಿಲ್ಲ. ಒತ್ತಿದೆ. ಡ್ರೈವ್ ಪಡಸಾಲೆಯಿಂದ ಮಾಯವಾಗಿ ಒಳಮನೆಯಲ್ಲಿ ಕಾಣಿಸಿಕೊಂಡಿತು. ಪ್ರೋಗ್ರಾಂ ಕಣ್ಣು ತೆರೆಯಿತು. ಗಿಳಿಜೋಡಿ ಮಾನಿಟರಿನ ಮೇಲೆ ಬಂದು ಕೂತಿತು.

ಮಷೀನಿನ ಸೂಜಿ ಹಸಿರು ಬಟ್ಟೆಯ ಮೇಲೆ ಟಕಟಕ ಓಡಿತು. ಚಾಚಾ ಅದನ್ನು ನೋಡುತ್ತ ನಿಂತದ್ದು ನನಗೆ ಈಗಲೂ... ಮಷೀನ್ ನೋಡುವವರ ಹಾಗೆ ನೋಡಲಿಲ್ಲ ಅವರು. ಬಲಗೈಯ ಬೆರಳುಗಳು ತೊಡೆಯ ಮೇಲೆ ಅದೇ ಬಳ್ಳಿಯನ್ನು, ಅದೇ ರೆಕ್ಕೆಯನ್ನು ತಾವೂ ಸುತ್ತುತ್ತಿದ್ದವು. ಅಕ್ಕಾರು ಕುಪ್ಪಸ ಎದೆಗವಚಿಕೊಂಡು ಓಡಿ ಐದೂವರೆಯ ಬಸ್ಸು ಹಿಡಿದರು.

ಚಾಚಾ ಹೋದ ಸುದ್ದಿ ಬಂದಾಗ ನಾನು ರಾಮದುರ್ಗದಲ್ಲಿದ್ದೆ. ಮಣ್ಣಿಗೆ ಹೋಗಲಾಗಲಿಲ್ಲ. ತಿಂಗಳು ಕಳೆದು ಅವರ ಮನೆಗೆ ಹೋದಾಗ ಚಾಚಿ ಈ ಡ್ರೈವನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. "ನೀನs ತರಿಸಿದ್ದಿ, ನೀನs ಇಟ್ಕೋ" ಎಂದರು. ಗೆಳೆಯರು ಈಗಲೂ ಚಾದಂಗಡಿಯಲ್ಲಿ ಪೀಡಿಸುತ್ತಾರೆ, "ಲೇ, ಚಾಚಾನ್ನ ಮಾಡಿ ತೋರಸಲೇ" ಎಂದು. ದನಿ ಮಾಡುತ್ತೇನೆ, ಬರ್ರಿ ಬರ್ರಿ ಅನ್ನುತ್ತೇನೆ. ಕೈ ಮಾತ್ರ ಜೇಬಿನಿಂದ ಹೊರಗೆ ಬರುವುದಿಲ್ಲ. ಯಾಕೆಂದು ಅವರಿಗೆ ಹೇಳಿಲ್ಲ.

ಆ ಸಂಜೆ ಬಸ್ಸು ಹೋದ ಮೇಲೆ ಚಾಚಾನ ಮುಖ ನೋಡಲಾಗದೆ ಸುಮ್ಮನೆ ವಯರ್ ಸುತ್ತುತ್ತ ಕೂತಿದ್ದೆ. ಕ್ಷಮಿಸಿರಿ ಅನ್ನುವುದು ಬಾಯಿಗೆ ಬರಲಿಲ್ಲ, ಹಾಳು ಹಲ್ಲು ಕಿರಿಯುವುದಷ್ಟೇ ಬಂತು. "ಏನ ಅನ್ರಿ ಚಾಚಾ, ನಿಮ್ಮ ಅಣಕಾ ಚೊಲೋನs ಮಾಡ್ತೇನಲ್ರೀ?" ಎಂದೆ.

ಅವರು ಮಷೀನಿನ ಮೇಲೆ ಬಟ್ಟೆ ಹೊದಿಸುತ್ತ, ನನ್ನ ಕಡೆ ತಿರುಗದೆ ಹೇಳಿದರು:

"ಮಾಡ್ತಿ. ಕೈ ನಡುಗೂದು ಪೂರಾ ಕಲ್ತಿ. ಅದs ಕೈ ಓಡತಿತ್ತಲ್ಲ, ಅದನ್ನ ಯಾವಾಗ ಕಲೀತಿ?"