ಅಕ್ಕ ಬಿದ್ದ ಮೆಟ್ಟಿಲು

ನಾಟಕ ಮಂದಿರಕ್ಕೆ ಬರುವವರೆಲ್ಲ ಅವನನ್ನು ಕನ್ನಡಕದಣ್ಣ ಎಂದೇ ಕರೆಯುತ್ತಿದ್ದರು. ಬಸ್ ನಿಲ್ದಾಣದ ಹಿಂದಿನ ಬೀದಿಯ ಅಂಗಡಿಯೊಂದರಲ್ಲಿ ಕನ್ನಡಕದ ಗಾಜು ಉಜ್ಜುವ ಚಕ್ರದ ಮುಂದೆ ಕೂತು ಅವನು ಮೂವತ್ತೆಂಟು ವರ್ಷ ಸವೆಸಿದ್ದ. ಬೆರಳ ಸಂದಿಯಲ್ಲಿ ಗಾಜಿನ ಪುಡಿ ಸದಾ ಇರುತ್ತಿತ್ತು. ಸಂಜೆ ಆರಕ್ಕೆ ಕೈ ತೊಳೆದುಕೊಂಡು ನೇರ ಮಂದಿರಕ್ಕೆ ನಡೆಯುತ್ತಿದ್ದ. ಮದುವೆಯಾಗಲಿಲ್ಲ. ಕೇಳಿದವರಿಗೆ, ನಾಟಕ ಇಲ್ಲದ ಸಂಜೆ ಸಿಕ್ಕರೆ ಹೆಣ್ಣು ನೋಡಲು ಬರುತ್ತೇನೆ ಅನ್ನುತ್ತಿದ್ದ.

ಅವನಿಗೆ ನಟರಿಗಿಂತ ನಿರ್ದೇಶಕರ ಮೇಲೆ ಕಣ್ಣು. ಯಾರು ಎಲ್ಲಿ ನಿಂತರು, ದೀಪ ಯಾವಾಗ ಇಳಿಯಿತು, ಮಾತಿನ ನಡುವೆ ಎಷ್ಟು ಹೊತ್ತು ಸುಮ್ಮನಿದ್ದರು, ಎಲ್ಲವನ್ನೂ ಮನೆಗೆ ಹೋಗಿ ಬರೆದಿಡುತ್ತಿದ್ದ. ಹಾಗಾಗಿ ಮಂದಿರದ ಕಾರ್ಯದರ್ಶಿ, ಕಳೆದ ಶತಮಾನದಲ್ಲಿ ನಮ್ಮ ರಂಗಭೂಮಿಯನ್ನು ತಿದ್ದಿದ ನಾಲ್ವರು ನಿರ್ದೇಶಕರ ಬಗ್ಗೆ ಪುಸ್ತಿಕೆ ತರುತ್ತೇವೆ, ನೀವೇ ಬರೆಯಬೇಕು ಎಂದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ.

ಮೂವರ ಬಗ್ಗೆ ಬರೆಯುವುದು ನೀರು ಕುಡಿದಷ್ಟು ಸುಲಭವಾಯಿತು. ಬಣ್ಣದ ಪರದೆಗಳನ್ನೆಲ್ಲ ಕಿತ್ತೆಸೆದು ಒಂದು ಬೆಂಚು, ಒಂದು ದೀಪದಲ್ಲೇ ಅರಮನೆ ತೋರಿಸಿದವರು ಒಬ್ಬರು. ತಾಲೀಮಿಗೆ ಮೊದಲು ನಟರ ಕೈಯಲ್ಲಿ ಪೊರಕೆ ಕೊಟ್ಟು, ನೆಲ ಗೊತ್ತಿಲ್ಲದವನಿಗೆ ನಡೆಯಲು ಬರುವುದಿಲ್ಲ ಅನ್ನುತ್ತಿದ್ದ ಹೆಂಗಸು ಇನ್ನೊಬ್ಬರು. ನಾಟಕವನ್ನು ಕಾರ್ಖಾನೆಯ ಗೇಟಿನ ಮುಂದೆ ಒಯ್ದವರು ಮೂರನೆಯವರು. ನಾಲ್ಕನೆಯವರು ದೊಡ್ಡ ಮೇಷ್ಟ್ರು. ಕನ್ನಡಕದಣ್ಣನ ಪಾಲಿಗೆ ದೇವರು.

ಅವರ ಒಂದು ದೃಶ್ಯವನ್ನು ಅವನು ನಲವತ್ತು ವರ್ಷದಿಂದ ಕಂಡಕಂಡವರಿಗೆಲ್ಲ ವರ್ಣಿಸಿದ್ದ. ಮಗ ಸತ್ತ ಸುದ್ದಿ ಕೇಳಿದ ತಾಯಿ ಏಳು ಮೆಟ್ಟಿಲ ಮೇಲೆ ನಿಂತಿರುತ್ತಾಳೆ. ಕೂಗುವುದಿಲ್ಲ, ಎದೆ ಬಡಿದುಕೊಳ್ಳುವುದಿಲ್ಲ. ಒಣಹಾಕಿದ ಸೀರೆ ಹಗ್ಗದಿಂದ ಜಾರಿದ ಹಾಗೆ ಮೆಟ್ಟಿಲಿಂದ ಮೆಟ್ಟಿಲಿಗೆ ಸಡಿಲವಾಗುತ್ತ ಕೆಳಗೆ ಬಂದು ಬೀಳುತ್ತಾಳೆ. ಇಂಥದ್ದನ್ನು ಮೇಷ್ಟ್ರಲ್ಲದೆ ಬೇರೆ ಯಾರೂ ಊಹಿಸಲಾರರು ಎಂದೇ ಅವನು ಬರೆಯಲು ಶುರುಮಾಡಿದ. ಆ ಪಾತ್ರವನ್ನು ಮೊದಲು ತಾಲೀಮು ಮಾಡಿದವಳು ಅವನ ಅಕ್ಕ. ನಾಟಕಕ್ಕೆ ಐದು ದಿನ ಇರುವಾಗ ಕಾಲು ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಪಾತ್ರ ಬೇರೊಬ್ಬಳಿಗೆ ಹೋಯಿತು, ಅಕ್ಕ ಮತ್ತೆ ರಂಗದ ಕಡೆ ತಿರುಗಿ ನೋಡಲಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದುದು ಅಷ್ಟೇ.

ಅಕ್ಕ ತಮ್ಮ ಒಂದೇ ಮನೆಯಲ್ಲಿದ್ದರು. ಅವಳು ಕುಂಟುತ್ತಲೇ ಟೈಪಿಂಗ್ ಕಲಿತು, ವಕೀಲರೊಬ್ಬರ ಕಚೇರಿಯಲ್ಲಿ ದುಡಿದು ನಿವೃತ್ತಳಾಗಿದ್ದಳು. ಒಂದು ಭಾನುವಾರ ಬೆಳಿಗ್ಗೆ ಅವನು ಬರೆದದ್ದನ್ನು ಅವಳಿಗೆ ಓದಿಹೇಳಿದ. ಅವಳು ಹುರುಳಿಕಾಯಿ ನಾರು ತೆಗೆಯುತ್ತ ಕೇಳಿದಳು. ಬೀಳುವ ದೃಶ್ಯ ಬಂದಾಗ ಕೈ ನಿಂತಿತು.

"ಅದು ಮೇಷ್ಟ್ರದ್ದಲ್ಲ," ಅಂದಳು. "ಅಮ್ಮಂದು."

ಅವನಿಗೆ ಅರ್ಥವಾಗಲಿಲ್ಲ.

"ಮಿಲ್ಲಿನಿಂದ ಅಪ್ಪ ಹೋದ ಸುದ್ದಿ ತಂದರಲ್ಲ, ಆಗ ಅಮ್ಮ ಹೊರಗಿನ ಮೆಟ್ಟಿಲ ಮೇಲಿದ್ದಳು. ಹಾಗೇ ಬಿದ್ದಳು. ನೀನು ಶಾಲೆಯಲ್ಲಿದ್ದೆ. ನಾನು ನೋಡಿದ್ದೆ. ಮೇಷ್ಟ್ರಿಗೆ ಮಾಡಿ ತೋರಿಸಿದೆ."

ಉಳಿದದ್ದನ್ನು ಅವಳು ನಿಧಾನವಾಗಿ, ಬೇರೆ ಯಾರದೋ ಸಂಗತಿಯೆಂಬಂತೆ ಹೇಳಿದಳು. ಮೇಷ್ಟ್ರಿಗೆ ಅದು ಬಹಳ ಹಿಡಿಸಿತು. ದಿನಕ್ಕೆ ಹದಿನೈದು, ಇಪ್ಪತ್ತು ಸಲ ಬೀಳಿಸಿದರು. ಕೆಳಗೆ ಚಾಪೆ ಹಾಕಲೂ ಬಿಡಲಿಲ್ಲ, ಮೆತ್ತಗೆ ಬೀಳುತ್ತೇನೆ ಅಂತ ಮೈಗೆ ಗೊತ್ತಾದರೆ ಸುಳ್ಳಾಗುತ್ತದೆ ಅಂದರು. ನೋವು ಶುರುವಾಗಿದೆ ಎಂದು ಅವಳು ಎರಡು ಸಲ ಹೇಳಿದ್ದಳು. ಮೂರನೇ ವಾರ ಮೂಳೆ ಮುರಿಯಿತು. ಅವಳನ್ನು ಹೊತ್ತುಕೊಂಡು ಹೋಗುತ್ತಿರುವಾಗಲೇ ಮೇಷ್ಟ್ರು ಇನ್ನೊಬ್ಬ ನಟಿಯನ್ನು ಮೆಟ್ಟಿಲು ಹತ್ತಲು ಹೇಳಿದರು. ಆಸ್ಪತ್ರೆಗೆ ಬರಲಿಲ್ಲ. ಮೊದಲ ಪ್ರದರ್ಶನದ ಒಂದು ಟಿಕೆಟ್ ಕಳಿಸಿದರು.

ಆ ಟಿಕೆಟ್ ಅವನಿಗೆ ಚೆನ್ನಾಗಿ ನೆನಪಿತ್ತು. ಅದರಲ್ಲಿ ಹೋಗಿ ನಾಟಕ ನೋಡಿದವನು ಅವನೇ. ಆಗ ಇಪ್ಪತ್ತು ವರ್ಷ. ಎದ್ದು ನಿಂತು ಚಪ್ಪಾಳೆ ತಟ್ಟಿದ್ದ. ಮರುದಿನ ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಕೂತು, ಆ ಬೀಳುವುದನ್ನು ಕೈ ಕಾಲು ಆಡಿಸಿ ತೋರಿಸಿ ಹೇಳಿದ್ದ. ಅಕ್ಕ ಗೋಡೆಯ ಕಡೆ ಮುಖ ಮಾಡಿ ಕೇಳಿದ್ದಳು. ನೋವಿರಬೇಕು ಎಂದುಕೊಂಡಿದ್ದ.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಅಂದ.

"ನೀನು ಅಷ್ಟು ಖುಷಿಯಲ್ಲಿದ್ದೆ. ಆಮೇಲೆ ನೀನೂ ಕೇಳಲಿಲ್ಲ."

ಅವನು ಮೂರು ದಿನ ಸರಿಯಾಗಿ ಕೆಲಸ ಮಾಡಲಿಲ್ಲ. ಎರಡು ಗಾಜು ಒಡೆದ. ಮೇಷ್ಟ್ರ ಹೆಸರಿದ್ದ ಪುಟಗಳನ್ನೆಲ್ಲ ಹರಿದುಹಾಕುತ್ತೇನೆ ಎಂದು ಒಮ್ಮೆ ಹೊರಟ. ತಡೆದವಳು ಅಕ್ಕನೇ. ತನಗೆ ನಿಲ್ಲಲು, ಉಸಿರು ಹಿಡಿಯಲು, ಎದುರಿನವರ ಮಾತು ಕೇಳಿಸಿಕೊಳ್ಳಲು ಕಲಿಸಿದವರೂ ಅವರೇ, ಅದನ್ನು ಬಿಡಬೇಡ ಎಂದಳು. ಅವರನ್ನು ರಾಕ್ಷಸ ಮಾಡುವುದೂ ಬೇಡ. ಆದರೆ ಅಮ್ಮನದ್ದು ಅಮ್ಮನದ್ದು ಅಂತ ಬರಿ, ಅಂದಳು.

ಹಾಗೆಯೇ ಬರೆದುಕೊಟ್ಟ. ಕಾರ್ಯದರ್ಶಿ ಓದಿ, ತೀರಿಹೋದವರ ಬಗ್ಗೆ ಈಗ ಇದೆಲ್ಲ ಯಾಕೆ, ಸಾಕ್ಷಿಯಾದರೂ ಎಲ್ಲಿದೆ ಅಂದರು. ಬಿಡುಗಡೆಯ ದಿನ ಪುಸ್ತಿಕೆ ಕೈಗೆ ಬಂದಾಗ ಆ ಭಾಗವೇ ಇರಲಿಲ್ಲ. 'ಮೇಷ್ಟ್ರಲ್ಲದೆ ಬೇರೆ ಯಾರೂ ಊಹಿಸಲಾರರು' ಎಂದು ಯಾರೋ ಸೇರಿಸಿದ್ದರು. ಇಷ್ಟು ವರ್ಷ ಅವನ ಬಾಯಲ್ಲಿ ಕೇಳಿ ಎಲ್ಲರಿಗೂ ಬಾಯಿಪಾಠವಾಗಿದ್ದ ಮಾತು ಅದು. ಕೆಳಗೆ ಅವನ ಹೆಸರು.

ಎರಡು ಮಾತಾಡಿ ಎಂದು ಕರೆದಾಗ ವೇದಿಕೆ ಹತ್ತಿದ. ಸಭೆಯಲ್ಲಿ ಮಾತಾಡಿ ಅವನಿಗೆ ಅಭ್ಯಾಸವಿರಲಿಲ್ಲ. "ಆ ದೃಶ್ಯ ನಮ್ಮ ಅಮ್ಮನದು. ತಂದವಳು ನಮ್ಮಕ್ಕ. ಅದಕ್ಕೆ ಅವಳ ಸೊಂಟ ಹೋಯಿತು. ನಾನು ಚಪ್ಪಾಳೆ ತಟ್ಟಿದೆ," ಅಂದು ಇಳಿದುಬಂದ. ಮುಂದಿನ ಸಾಲಿನಲ್ಲಿ ಒಬ್ಬರು ಕೆಮ್ಮಿದರು. ಕಾರ್ಯದರ್ಶಿ ವಂದನಾರ್ಪಣೆ ಶುರುಮಾಡಿದರು. ಆ ಮೇಲೆ ಮಂದಿರದಿಂದ ಅವನಿಗೆ ಆಮಂತ್ರಣ ಬರುವುದು ನಿಂತಿತು. ಟಿಕೆಟ್ ಕೊಂಡು ಹೋದರೂ, ಪಕ್ಕದವರು ಮೊದಲಿನ ಹಾಗೆ ಜಾಗ ಹಿಡಿದಿಡುತ್ತಿರಲಿಲ್ಲ. ಮೇಷ್ಟ್ರನ್ನು ದೊಡ್ಡವರಲ್ಲ ಎನ್ನಲು ಅವನಿಂದ ಆಗಲಿಲ್ಲ. ಅದೇ ಅವನನ್ನು ಹೆಚ್ಚು ಕಾಡುತ್ತಿತ್ತು.

ತಿಂಗಳ ನಂತರ ಒಂದು ಮಧ್ಯಾಹ್ನ ವಯಸ್ಸಾದ ಹೆಂಗಸೊಬ್ಬರು ಕೋಲೂರಿಕೊಂಡು ಅವರ ಮನೆ ಹುಡುಕಿಕೊಂಡು ಬಂದರು. ಅಕ್ಕನ ಪಾತ್ರವನ್ನು ಆಡಿ ಹೆಸರಾದ ನಟಿ. ಆ ದಿನ ಸಭೆಯ ಹಿಂದಿನ ಸಾಲಿನಲ್ಲಿ ಕೂತಿದ್ದರಂತೆ. ಇಬ್ಬರೂ ಒಳಕೋಣೆಯಲ್ಲಿ ಎರಡು ಗಂಟೆ ಮಾತಾಡಿದರು. ಅವನು ಚಹಾ ಕೊಟ್ಟು ಹೊರಗೆ ಬಂದು ಕೂತ.

ಅವರು ಹೋದ ಮೇಲೆ, ಏನಂದರು ಎಂದು ಈ ಸಲ ಅವನು ಕೇಳಿದ.

ಅಕ್ಕ ಚಹಾದ ಲೋಟಗಳನ್ನು ಎತ್ತಿಟ್ಟಳು. "ನೂರಾ ಹನ್ನೆರಡು ಪ್ರದರ್ಶನ, ಅಷ್ಟೂ ಸಲ ಬಿದ್ದಳಂತೆ," ಅಂದಳು. "ಅವಳಿಗೂ ಎರಡೂ ಮಂಡಿ ಹೋಗಿವೆ."